ಹಳೇ ಮನೆಯ ಸೊಟ್ಟ ಗೋಡೆಗೆ ಪುಸ್ತಕದ ಕಪಾಟು ಸಂದಿ ಇಲ್ಲದೆ ಕೂಡಿಸೋದು ಹೇಗೆ?

ಮಾಳಮಡ್ಡಿ_ಮನೆ
ಎಲ್ಲರಿಗೂ ನಮಸ್ಕಾರ. ಧಾರವಾಡ ಮಾಳಮಡ್ಡಿಯಲ್ಲಿ ನಮ್ಮ ಅಜ್ಜನ ಕಾಲದ ಮನೆ. ಕಲ್ಲು-ಮಣ್ಣಿನ ಗೋಡೆ, ಮೇಲೆ ಸುಣ್ಣದ ಗಿಲಾವು, ದಪ್ಪ ಒಂದೂವರೆ ಅಡಿ. ಪಡಸಾಲೆಯಲ್ಲಿ ಎರಡು ಗೋಡೆಗಳ ನಡುವೆ ಐದಡಿ ಚಿಲ್ಲರೆ ಜಾಗ ಖಾಲಿ ಇದೆ. ಅಲ್ಲಿ ಏಳು ಅಡಿ ಎತ್ತರದ ಪುಸ್ತಕದ ಕಪಾಟು ಮಾಡಿಸುತ್ತಿದ್ದೇನೆ. 18 ಎಂಎಂ ಪ್ಲೈವುಡ್, ಮುಂದಿನ ಅಂಚಿಗೆ ಸಾಗವಾನಿ ಪಟ್ಟಿ.

ಬಡಿಗೇರರು ಪೆಟ್ಟಿಗೆ ತಂದು ನಿಲ್ಲಿಸಿದರು. ಕಪಾಟು ನೆಟ್ಟಗಿದೆ, ಗೋಡೆ ನೆಟ್ಟಗಿಲ್ಲ. ಎಡಗಡೆ ಮೇಲ್ತುದಿ ಗೋಡೆಗೆ ತಾಗುತ್ತದೆ. ಸೊಂಟದ ಎತ್ತರಕ್ಕೆ ಬಂದರೆ 22 ಎಂಎಂ ಸಂದಿ, ಬೆರಳು ತೂರುತ್ತದೆ. ಕೆಳಗೆ ಮತ್ತೆ 8 ಎಂಎಂ. ಬಲಗಡೆ ಬೇರೆಯದೇ ಕಥೆ. ಮೇಲೆ 30, ಕೆಳಗೆ ಬರುತ್ತಾ ಬರುತ್ತಾ 12.

ಬಡಿಗೇರರು "ಪಿಒಪಿ ತುಂಬಿ ಮೇಲೆ ಬೀಡಿಂಗ್ ಪಟ್ಟಿ ಹೊಡೆದುಬಿಡೋಣ ರೀ" ಅಂತಾರೆ. ನಮ್ಮ ಮನೆಯವರು "ಗಿಲಾವು ಕಿತ್ತು ಗೋಡೆನೇ ನೆಟ್ಟಗೆ ಮಾಡಿಸೋಣ" ಅಂತಾರೆ. ನನಗೆ ಎರಡೂ ಮನಸ್ಸಿಗೆ ಬರ್ತಿಲ್ಲ. ಕಟ್ಟಿಗೆ ಗೋಡೆಗೆ ಅಂಟಿ ಬೆಳೆದ ಹಾಗೆ ಕೂತಿರೋದನ್ನು ಕೆಲವು ಮನೆಗಳಲ್ಲಿ ನೋಡಿದ್ದೇನೆ. ಅದು ಹೇಗೆ ಮಾಡ್ತಾರೆ? ಗೊತ್ತಿದ್ದವರು ಹೇಳಿ.

ಖಾರಾ_ಮಂಡಕ್ಕಿ
ಪುಸ್ತಕ ಜೋಡಿಸಿದ ಮೇಲೆ ಸಂದಿ ಯಾರು ನೋಡ್ತಾರೆ ರೀ?

ಮಾಳಮಡ್ಡಿ_ಮನೆ
ನಾನೇ ನೋಡ್ತೀನಿ. ದಿನಾ.

ಗಿಲಾವು_ಗೌಂಡಿ
ನಿಮ್ಮ ಮನೆಯವರು ಹೇಳಿದ್ದೇ ಸರಿ. ಮೊದಲು ಗೋಡೆ, ಆಮೇಲೆ ಕಟ್ಟಿಗೆ. ತೂಕದ ಗುಂಡು ಬಿಟ್ಟು ನೋಡಿ, ಎಲ್ಲಿ ತಗ್ಗು ಎಲ್ಲಿ ಉಬ್ಬು ಅಂತ ಗುರುತು ಹಾಕಿ, ಉಬ್ಬು ಕೆತ್ತಿ ತಗ್ಗು ತುಂಬಿಸಿದರೆ ಆಯ್ತು. ಬಡಿಗೇರರು ಗೋಡೆಗೆ ಬೈಯೋದು, ನಾವು ಬಡಿಗೇರರಿಗೆ ಬೈಯೋದು ಮೊದಲಿಂದ ನಡೆದೇ ಇದೆ.

ಗೋಕುಲ್_ರೋಡ್_ಫ್ಲ್ಯಾಟು
ಹಳೇ ಮನೆ ಅಂತ ಬೇಜಾರಾಗಬೇಡಿ. ನಮ್ಮದು ಹೊಸ ಅಪಾರ್ಟ್‌ಮೆಂಟು, ಅಲ್ಲೂ ಇದೇ ಹಾಡು. ಗೋಡೆ ನಡುವೆ ನೆಟ್ಟಗಿರುತ್ತೆ, ಮೂಲೆಗೆ ಬಂದ ಕೂಡಲೇ ಗಿಲಾವು ದಪ್ಪ ಆಗುತ್ತೆ. ಗುಣ್ಯಾ (ಮೂಲೆ ನೋಡುವ ಮಟ್ಟ) ಇಟ್ಟು ನೋಡಿದರೆ ಒಂದು ಮೂಲೆನೂ ಕಾಟಕೋನ, ಅಂದರೆ 90 ಡಿಗ್ರಿ, ಇಲ್ಲ. ಸಿದ್ಧ ವಾರ್ಡ್‌ರೋಬ್ ಆರ್ಡರ್ ಕೊಟ್ಟು ಕೂಡಿಸುವ ದಿನ ಸಾಕಾಗಿ ಹೋಯ್ತು.

ರಂದಾ_ರಾಯ
ಗೋಡೆ ಕೆಡವೋದು ಬೇಡ, ಪಿಒಪಿನೂ ಬೇಡ. ಗೋಡೆಯ ಗೆರೆಯನ್ನು ಪಟ್ಟಿಯ ಮೇಲೆ ಇಳಿಸಿಕೊಂಡು ಆ ಗೆರೆಗೆ ಸರಿಯಾಗಿ ಕೊಯ್ಯಬೇಕು. ಸ್ಕ್ರೈಬ್ ಮಾಡೋದು ಅಂತಾರಲ್ಲ, ಅದೇ. ಇದಕ್ಕೆ ಬೇಕಾದದ್ದು ಮಕ್ಕಳ ಕಂಪಾಸ್ ಪೆಟ್ಟಿಗೆಯ ಕೈವಾರ, ಪೆನ್ಸಿಲು, ಲೆವೆಲ್ಲು, ಜಿಗ್‌ಸಾ (ಬಾಗಿದ ಗೆರೆಗೆ ಕೊಯ್ಯುವ ಕರೆಂಟಿನ ಗರಗಸ), ಮರ ಹೆರೆಯುವ ಚಿಕ್ಕ ರಂದಾ.

ನಿಮ್ಮ ಪೆಟ್ಟಿಗೆ ಆಗಲೇ ತಯಾರಾಗಿದೆ. ಹಾಗಾಗಿ ಪಕ್ಕದ ಪ್ಲೈ ಮುಟ್ಟೋದು ಬೇಡ. ಮುಂದಿನ ಸಾಗವಾನಿ ಪಟ್ಟಿಯಲ್ಲೇ ಕೆಲಸ ಮುಗಿಸಬಹುದು. ಹೀಗೆ ಮಾಡಿ.

ಮೊದಲು ಪೆಟ್ಟಿಗೆಯನ್ನು ಬಲಕ್ಕೆ 6 ಎಂಎಂ ಸರಿಸಿ. ಈಗ ಎಡಗಡೆ ಸಂದಿ ಮೇಲೆ 6, ನಡುವೆ 28, ಕೆಳಗೆ 14 ಆಗುತ್ತೆ. ಬಲಗಡೆ ಮೇಲೆ 24, ಕೆಳಗೆ 6. ಎಲ್ಲೂ ತಾಗುವ ಹಾಗಿಲ್ಲ. ಕೆಳಗೆ ಬೆಣೆ ಕೊಟ್ಟು ಲೆವೆಲ್ ನೋಡಿ ಗಟ್ಟಿಯಾಗಿ ನಿಲ್ಲಿಸಿ.

ಪಟ್ಟಿ ಎಷ್ಟು ಅಗಲ ಬೇಕು? ಅದು ಪ್ಲೈ ಅಂಚಿನ 18 ಎಂಎಂ ಮುಚ್ಚಿ, ಅಲ್ಲಿಂದ ಗೋಡೆವರೆಗೆ ಒಂದೇ ತುಂಡಾಗಿ ಹೋಗಬೇಕು. ಅಂದರೆ ಸಣ್ಣ ಕಡೆ 18+6 = 24, ದೊಡ್ಡ ಕಡೆ 18+28 = 46. ನೀವು 60 ಎಂಎಂ ಅಗಲದ್ದು ತಗೊಳ್ಳಿ. ಸಂದಿಗೆ ಮಾತ್ರ ಬೇರೆ ಸಣ್ಣ ಪಟ್ಟಿ ತುರುಕಿದರೆ ಮೇಲೆ ಕಡ್ಡಿಯಷ್ಟು ಸಣ್ಣಗಾಗಿ ಸೀಳುತ್ತೆ, ಕಣ್ಣಿಗೂ ಚೆಂದ ಕಾಣಲ್ಲ.

ಪಟ್ಟಿಯನ್ನು ಪೆಟ್ಟಿಗೆಯ ಮುಖಕ್ಕೆ ಹಿಡಿದು, ಹೊರಅಂಚು ಗೋಡೆಯ ಉಬ್ಬಿಗೆ ತಾಗುವವರೆಗೆ ತಂದು, ಲೆವೆಲ್ ಇಟ್ಟು ನೆಟ್ಟಗೆ ಕ್ಲ್ಯಾಂಪ್ ಮಾಡಿ. ಒಳಅಂಚು ಪ್ಲೈಯ ಒಳಮೈಗಿಂತ 36 ಎಂಎಂ ಒಳಗೆ ಚಾಚಿರುತ್ತೆ. ಕೈವಾರವನ್ನು ಆ 36ಕ್ಕೆ ಬಿಡಿಸಿ. ಮುಳ್ಳು ಗೋಡೆಯ ಮೇಲೆ, ಪೆನ್ಸಿಲ್ ಪಟ್ಟಿಯ ಮೇಲೆ. ಮೇಲಿಂದ ಕೆಳಗೆ ಒಂದೇ ಎಳೆತ. ಗೋಡೆ ಎಲ್ಲಿ ಹೊಟ್ಟೆ ಬಿಟ್ಟಿದೆಯೋ, ಎಲ್ಲಿ ಒಳಗೆ ಹೋಗಿದೆಯೋ, ಎಲ್ಲಾ ಪಟ್ಟಿಯ ಮೇಲೆ ಬರುತ್ತೆ. ಆ ಗೆರೆಗೆ ಕೊಯ್ದು ಪಟ್ಟಿಯನ್ನು ಗೋಡೆ ಕಡೆ ಜರುಗಿಸಿದರೆ ಒಳಅಂಚು ಪ್ಲೈಗೆ ಸರಿಯಾಗಿ ಬಂದು ಕೂರುತ್ತೆ.

ಬೆಟಗೇರಿ_ನೇಕಾರ
ರಾಯರೇ, ಒಂದು ಅನುಮಾನ. ಕೈವಾರವನ್ನು ಅತಿ ದೊಡ್ಡ ಸಂದಿಯಷ್ಟು ಬಿಡಿಸಬೇಕು ಅಂತ ನಾನು ಕಲಿತದ್ದು. ನೀವು 36 ಅಂತಿದ್ದೀರಿ. ದೊಡ್ಡ ಸಂದಿ 22 ತಾನೇ?

ರಂದಾ_ರಾಯ
@ಬೆಟಗೇರಿ_ನೇಕಾರ ನೀವು ಹೇಳೋದು ತಪ್ಪಲ್ಲ. ಹಲಗೆ ಗೋಡೆಗೆ ಕೂತರೆ ಸಾಕು, ಇನ್ನೊಂದು ಅಂಚು ಎಲ್ಲಿಗೆ ಬಂದರೂ ನಡೆಯುತ್ತೆ ಅನ್ನುವಾಗ ದೊಡ್ಡ ಸಂದಿಯಷ್ಟು ಬಿಡಿಸಿದರೆ ಸಾಕು. ಅಡುಗೆ ಕಟ್ಟೆಯ ಹಲಗೆ ಹಾಗೆ. ಇಲ್ಲಿ ಒಳಅಂಚಿನ ಜಾಗ ನಿಗದಿ ಆಗಿಬಿಟ್ಟಿದೆ. ಹಾಗಾಗಿ ಪಟ್ಟಿ ಈಗ ನಿಂತ ಜಾಗದಿಂದ ಕೊನೆಗೆ ನಿಲ್ಲುವ ಜಾಗಕ್ಕೆ ಎಷ್ಟು ದೂರವೋ ಅಷ್ಟೇ ಕೈವಾರದ ಅಗಲ. 22ಕ್ಕೆ ಬಿಡಿಸಿದ್ದರೆ ಪಟ್ಟಿ ಒಳಗೆ 14 ಎಂಎಂ ಚಾಚಿಕೊಂಡೇ ಉಳೀತಿತ್ತು.

ಬೆಟಗೇರಿ_ನೇಕಾರ
ತಿಳೀತು.

ಸಾಧನಕೇರಿ_ಅಕ್ಕ
ಇನ್ನೊಂದು ಮಾತು ಸೇರಿಸ್ತೀನಿ. ಕೈವಾರ ಎಳೆಯುವಾಗ ಮುಳ್ಳು ಮತ್ತು ಪೆನ್ಸಿಲ್ ಎರಡೂ ಒಂದೇ ಮಟ್ಟದಲ್ಲಿ ಇರಬೇಕು, ಅಡ್ಡಡ್ಡ. ಗೋಡೆ ತಿರುಗಿದ ಕಡೆಗೆಲ್ಲ ಕೈನೂ ತಿರುಗಿಬಿಡುತ್ತೆ, ಅದು ಮನುಷ್ಯರ ಸ್ವಭಾವ. ಆದರೆ ಪಟ್ಟಿ ಜರುಗುವುದು ಅಡ್ಡಕ್ಕೆ ಮಾತ್ರ. ಕೈ ಓರೆ ಆದರೆ ಗೆರೆ ಮೇಲೆ ಕೆಳಗೆ ಸರಿದು ಉಬ್ಬಿನ ಜಾಗದಲ್ಲಿ ಸಂದಿ ಉಳಿಯುತ್ತೆ. ನಮ್ಮ ಮನೆ ಮೆಟ್ಟಿಲ ಪಕ್ಕದ ಹಲಗೆಯಲ್ಲಿ ಇದೇ ಆಗಿತ್ತು. ಬಂದವನು ಕೈವಾರವನ್ನು ಸ್ಟೇರಿಂಗ್ ತಿರುಗಿಸಿದ ಹಾಗೆ ತಿರುಗಿಸುತ್ತಿದ್ದ.

ಸಾಗವಾನಿ ಬಣ್ಣದ ಮೇಲೆ ಪೆನ್ಸಿಲ್ ಗೆರೆ ಕಾಣದಿದ್ದರೆ ಮಾಸ್ಕಿಂಗ್ ಟೇಪ್ ಹಚ್ಚಿ ಅದರ ಮೇಲೆ ಎಳೆಯಿರಿ.

ಉಣಕಲ್_ಕೆರೆ_ದಂಡೆ
ಕೈವಾರ ಯಾಕೆ? ಒಂದು ದೊಡ್ಡ ವಾಷರ್ ತಗೊಂಡು ಅದರ ತೂತಿನಲ್ಲಿ ಪೆನ್ಸಿಲ್ ಇಟ್ಟು ಗೋಡೆಗೆ ಒತ್ತಿ ಉರುಳಿಸಿಕೊಂಡು ಹೋದರೆ ಆಯ್ತು. ಅಂತರ ಬದಲಾಗೋ ಮಾತೇ ಇಲ್ಲ, ಕೈ ತಿರುಗಿದರೂ ಚಿಂತೆ ಇಲ್ಲ.

ರಂದಾ_ರಾಯ
ವಾಷರ್ ಚೆನ್ನಾಗೇ ನಡೆಯುತ್ತೆ, ಸಣ್ಣ ಸಂದಿಗೆ. ಆದರೆ ಅದು ದುಂಡಗಿರೋದರಿಂದ ಕಿರಿದಾದ ಗುಂಡಿಯೊಳಗೆ ಇಳಿಯಲ್ಲ, ಗುಂಡಿಯ ಮೇಲೇ ದಾಟಿಬಿಡುತ್ತೆ. ಕಲ್ಲು ಗೋಡೆಯ ಗಿಲಾವಿನಲ್ಲಿ ಅಂಥ ಗುಂಡಿಗಳೇ ಜಾಸ್ತಿ. ಮತ್ತೆ 36 ಎಂಎಂ ಅಂತರ ಬರಬೇಕಂದರೆ 72 ಎಂಎಂ ವಾಷರ್ ಬೇಕು. ಎಲ್ಲಿಂದ ತರ್ತೀರಿ?

ಉಣಕಲ್_ಕೆರೆ_ದಂಡೆ
ಪ್ಲೈ ತುಂಡಿನಲ್ಲಿ ದುಂಡಗೆ ಕೊಯ್ದುಕೊಂಡರೆ ಆಗಲ್ವಾ?

ರಂದಾ_ರಾಯ
ಆಗುತ್ತೆ. ಅಷ್ಟು ಹೊತ್ತಿಗೆ ನಾನು ಕೈವಾರದಲ್ಲಿ ಎಳೆದು ಚಹಾ ಕುಡಿದಿರ್ತೀನಿ.

ನವನಗರ_ಎಂಜಿನಿಯರ್
ಗೋಡೆ ಬಗ್ಗೆ ಎರಡು ಮಾತು. @ಗಿಲಾವು_ಗೌಂಡಿ ಅವರು ಹೇಳಿದ ಹಾಗೆ ತಗ್ಗು ತುಂಬಿಸೋದಾದರೆ ದಯವಿಟ್ಟು ಸಿಮೆಂಟ್ ಹಾಕಬೇಡಿ. ಕಲ್ಲು-ಮಣ್ಣಿನ ಗೋಡೆ ನೆಲದಿಂದ ತೇವ ಎಳೆಯುತ್ತೆ, ಸುಣ್ಣದ ಗಿಲಾವಿನ ಮೂಲಕ ಅದು ಆರಿ ಹೋಗುತ್ತೆ. ಮೇಲೆ ಸಿಮೆಂಟ್ ಬಳಿದರೆ ತೇವಕ್ಕೆ ಹೊರಗೆ ಬರಲು ದಾರಿ ಇಲ್ಲ. ಒಳಗೇ ನಿಂತು ಗಿಲಾವು ಉಬ್ಬಿ ಬೀಳುತ್ತೆ, ಉಪ್ಪು ಹೂ ಬಿಡುತ್ತೆ. ಧಾರವಾಡದ ಮಳೆಗಾಲ ಗೊತ್ತಲ್ಲ, ಹುಬ್ಬಳ್ಳಿಗಿಂತ ಜಾಸ್ತಿ.

ಪಿಒಪಿನೂ ಅಷ್ಟೇ. ಅದು ಜಿಪ್ಸಮ್. ತೇವ ಸಿಕ್ಕರೆ ಮೆತ್ತಗಾಗುತ್ತೆ. ತೇವ ಎಳೆಯುವ ಗೋಡೆಗೂ ಕಟ್ಟಿಗೆಗೂ ನಡುವೆ ಅದನ್ನು ತುಂಬೋದು ಒಳ್ಳೇದಲ್ಲ.

ಗಿಲಾವು_ಗೌಂಡಿ
ನಾನು ಎಲ್ಲಿ ಸಿಮೆಂಟ್ ಅಂದೆ ಸರ್? ತೋರಿಸಿ. ಸುಣ್ಣದ ಗೋಡೆಗೆ ಸುಣ್ಣನೇ ಹಾಕಬೇಕು ಅನ್ನೋದು ನಮಗೂ ಗೊತ್ತು. ಆದರೆ ಈಗ ಸುಣ್ಣದ ಗಾರೆ ಮಾಡಿಸೋಕೆ ಜನಕ್ಕೆ ತಾಳ್ಮೆ ಎಲ್ಲಿದೆ? ಸುಣ್ಣ ನೆನೆಸಬೇಕು, ತೆಳ್ಳಗೆ ಒಂದೊಂದೇ ಪದರ ಹಾಕಬೇಕು, ಒಂದು ಬಿಗಿಯಾದ ಮೇಲೆ ಇನ್ನೊಂದು. ಒಂದೇ ಸಲ 22 ಎಂಎಂ ಬಡಿದರೆ ಬಿರುಕು ಬಿಡುತ್ತೆ. ಮನೆಯವರು "ನಾಳೆ ಬಣ್ಣ ಹಚ್ಚಬೇಕು" ಅಂತ ನಿಂತಿರ್ತಾರೆ. ಆಗ ಸಿಮೆಂಟ್ ಹಾಕಿ ಅನ್ನೋದೂ ಅವರೇ.

ನವನಗರ_ಎಂಜಿನಿಯರ್
ಸಿಮೆಂಟ್ ಅಂತ ನೀವು ಅಂದಿರಲಿಲ್ಲ, ಹೌದು. ಉಳಿದದ್ದೂ ಒಪ್ಪಿದೆ.

ಹಾವೇರಿ_ಹೈದ
ನಮ್ಮ ಹಾವೇರಿ ಕಡೆ ಮಣ್ಣಿನ ಗೋಡೆ ಬೇಕಂತಲೇ ಕೆಳಗೆ ದಪ್ಪ, ಮೇಲೆ ಸಣ್ಣ ಕಟ್ತಿದ್ದರು. ಅದನ್ನು ನೆಟ್ಟಗೆ ಮಾಡ್ತೀನಿ ಅಂತ ಹೊರಟರೆ ಮೇಲೆ ಮೂರು ಬೆರಳು ಗಾರೆ ತುಂಬಬೇಕು. ಅಷ್ಟು ಭಾರ ಹಳೇ ಮಣ್ಣು ಹಿಡ್ಕೊಳ್ಳುತ್ತಾ? ಕಟ್ಟಿಗೆ ಕೊಯ್ಯೋದೇ ಸುಲಭ.

ಖಾರಾ_ಮಂಡಕ್ಕಿ
"ನಮ್ಮ ಹಾವೇರಿ ಕಡೆ" ಅಂತೆ. 1997ರ ತನಕ ಎಲ್ಲಾ ಧಾರವಾಡ ಜಿಲ್ಲೆನೇ ಆಗಿತ್ತು ತಮ್ಮಾ.

ಹಾವೇರಿ_ಹೈದ
ಅಣ್ಣಾ, ಜಿಲ್ಲೆ ಬೇರೆ ಆಯ್ತು, ಗೋಡೆ ಅದೇ ಸೊಟ್ಟ.

ಬೆಟಗೇರಿ_ನೇಕಾರ
ಗೋಡೆ ಸೊಟ್ಟ ಇರಲೇಬೇಕು ಅಂತೇನಿಲ್ಲ ಕಣ್ರೀ. ನಮ್ಮ ಗದಗಿನ ಪಕ್ಕದ ಲಕ್ಕುಂಡಿಗೆ ಹೋಗಿ ನೋಡಿ. ಕಲ್ಲಿಗೆ ಕಲ್ಲು, ನಡುವೆ ಗಾರೆನೇ ಇಲ್ಲ. ಡಂಬಳದ ದೊಡ್ಡಬಸಪ್ಪನ ಗುಡಿಯ ಗೋಡೆ 24 ಮೂಲೆಯ ನಕ್ಷತ್ರದ ಆಕಾರ. ಅಷ್ಟೊಂದು ಮೂಲೆ ಕೂಡಿಸಿದ ಊರಿನವರು ನಾವು, ಇಲ್ಲಿ ಎರಡು ಮೂಲೆಗೆ ಒದ್ದಾಡ್ತಿದ್ದೀವಿ.

ಸಾಧನಕೇರಿ_ಅಕ್ಕ
ಅಲ್ಲಿ ಎರಡೂ ಕಲ್ಲು ಶಿಲ್ಪಿಯ ಕೈಯಲ್ಲೇ ಇದ್ದವು. ಅದೂ ಮೆತ್ತನೆಯ ಬಳಪದ ಕಲ್ಲು, ಉಜ್ಜಿ ಉಜ್ಜಿ ಮುಖಕ್ಕೆ ಮುಖ ಕೂಡಿಸಬಹುದು. ಇಲ್ಲಿ ಒಂದು ಮುಖ ಅಜ್ಜನ ಗೋಡೆ, ಅದನ್ನು ಉಜ್ಜೋಕಾಗಲ್ಲ. ಇನ್ನೊಂದು ಮುಖ ಮಾತ್ರ ನಮ್ಮದು. ಡಂಬಳಕ್ಕೆ ಹೋಗಬೇಕು ಅನ್ನಿಸ್ತಿದೆ ಈಗ, ಆ ಮಾತು ಬೇರೆ.

ನವಲಗುಂದ_ಎರೆಹೊಲ
ನಮ್ಮ ಕಡೆ ಎರೆ ಮಣ್ಣು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತೆ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಿರಿಯುತ್ತೆ. ಬುನಾದಿ ಅದರ ಜೊತೆಗೇ ಏರಿಳಿಯುತ್ತೆ. ಇವತ್ತು ಕೂದಲೂ ತೂರದ ಹಾಗೆ ಕೂಡಿಸಿದ ಪಟ್ಟಿ ಏಪ್ರಿಲ್‌ನಲ್ಲಿ ಬಾಯಿ ಬಿಟ್ಟಿರುತ್ತೆ. ಹಾಗಾಗಿ ನಮ್ಮಲ್ಲಿ ಇಷ್ಟೆಲ್ಲ ನಾಜೂಕು ಮಾಡಿ ಉಪಯೋಗ ಇಲ್ಲ. ಪಟ್ಟಿನ ಗೋಡೆಗೆ ಅಂಟಿಸೋದಂತೂ ಬೇಡವೇ ಬೇಡ. ಕಪಾಟಿಗೆ ಹೊಡೀರಿ, ಗೋಡೆ ತನ್ನ ಪಾಡಿಗೆ ಓಡಾಡಲಿ.

ನವನಗರ_ಎಂಜಿನಿಯರ್
ಒಳ್ಳೆ ಮಾತು. ಮಾಳಮಡ್ಡಿ ಕಡೆ ನೆಲ ಗಟ್ಟಿ, ಕೆಂಪು ಮಣ್ಣು, ಅಷ್ಟು ಓಡಾಟ ಇರಲ್ಲ. ಹುಬ್ಬಳ್ಳಿಯಿಂದ ಪೂರ್ವಕ್ಕೆ ಅಣ್ಣಿಗೇರಿ, ಗದಗ, ರೋಣದ ಕಡೆ ಎರೆ ಜಾಸ್ತಿ. ಅಲ್ಲಿ ಪಟ್ಟಿ ಸ್ಕ್ರೈಬ್ ಮಾಡಿದ ಮೇಲೂ ಅಂಚಿಗೆ ತೆಳ್ಳಗೆ ಅಕ್ರಿಲಿಕ್ ಸೀಲಂಟ್ (ಸಂದಿ ಮುಚ್ಚುವ ಪೇಸ್ಟು) ಎಳೆದರೆ ಸ್ವಲ್ಪ ಹಿಗ್ಗಿ ಕುಗ್ಗುತ್ತೆ. ಸಿಲಿಕೋನ್ ಬೇಡ, ಅದರ ಮೇಲೆ ಬಣ್ಣ ಹಿಡಿಯಲ್ಲ.

ಗೋಕುಲ್_ರೋಡ್_ಫ್ಲ್ಯಾಟು
ಹಾಗಾದರೆ ಪೂರ್ತಿ ಸಂದಿಗೇ ಸೀಲಂಟ್ ತುಂಬಿದರೆ ಏನಾಗುತ್ತೆ? ಕೊಯ್ಯೋ ತಲೆನೋವೇ ಇಲ್ಲ.

ರಂದಾ_ರಾಯ
28 ಎಂಎಂ ಸಂದಿಗೆ ಸೀಲಂಟ್? ಜೋತು ಬೀಳುತ್ತೆ, ಒಣಗಿದ ಮೇಲೆ ಕುಗ್ಗಿ ಹಳ್ಳ ಬೀಳುತ್ತೆ, ಆರು ತಿಂಗಳಿಗೆ ಧೂಳು ಕೂತು ಕಪ್ಪು ಪಟ್ಟೆ. ಅದು ಎರಡು ಮೂರು ಎಂಎಂಗೆ ಮಾತ್ರ. ಮೊದಲು ಕಟ್ಟಿಗೆ ಕೂರಬೇಕು, ಸೀಲಂಟ್ ಆಮೇಲೆ. ಸೀಲಂಟ್ ನಂಬಿ ಕೊಯ್ಯೋದು ಬಿಟ್ಟವರ ಕೆಲಸ ದೂರದಿಂದಲೇ ಗೊತ್ತಾಗುತ್ತೆ.

ಉಣಕಲ್_ಕೆರೆ_ದಂಡೆ
ಬೀಡಿಂಗ್‌ಗೆ ಎಲ್ಲರೂ ಬೈತಾ ಇದ್ದೀರಿ. 5-6 ಎಂಎಂ ಸಂದಿ ಇದ್ದು ಗೋಡೆ ನಿಧಾನಕ್ಕೆ ಬಾಗಿದ್ದರೆ ತೆಳ್ಳನೆ ಬೀಡಿಂಗ್ ಗೋಡೆ ಜೊತೆ ಬಾಗಿ ಚೆನ್ನಾಗೇ ಕೂರುತ್ತೆ. ಎಲ್ಲದಕ್ಕೂ ಕೈವಾರ ಹಿಡಿಯೋದು ಶೋಕಿ.

ರಂದಾ_ರಾಯ
5-6ಕ್ಕೆ ಒಪ್ಪಿದೆ. ಇವರದ್ದು 28.

ಅಳ್ನಾವರ_ಗರಗಸ
ನಾನು ಬೇರೆಯೇ ಹೇಳ್ತೀನಿ. ಗೋಡೆಗೆ ಕೂಡಿಸಲೇಬೇಡಿ. ಪಟ್ಟಿಯನ್ನು ಕಪಾಟಿನ ಮುಖಕ್ಕಿಂತ ಒಂದು ಇಂಚು ಹಿಂದಕ್ಕೆ ಹಾಕಿ ಗಾಢ ಬಣ್ಣ ಹಚ್ಚಿ. ಕಪಾಟಿನ ಅಂಚು ನೆಟ್ಟಗೆ ಕಾಣುತ್ತೆ, ಪಕ್ಕದಲ್ಲಿ ಒಂದು ನೆರಳಿನ ಗೆರೆ ಅಷ್ಟೇ. ಗೋಡೆ ಸೊಟ್ಟ ಇರೋದು ನೆರಳಿನಲ್ಲಿ ಗೊತ್ತೇ ಆಗಲ್ಲ. ಹೊಸ ಆಫೀಸುಗಳಲ್ಲಿ ಈಗ ಎಲ್ಲಾ ಹೀಗೇ ಮಾಡೋದು.

ಸಾಧನಕೇರಿ_ಅಕ್ಕ
ಆಫೀಸಿಗೆ ಸರಿ. ಮನೆಯಲ್ಲಿ ಆ ನೆರಳಿನ ಗೆರೆಯಲ್ಲಿ ಹಲ್ಲಿ ಸಂಸಾರ ಹೂಡುತ್ತೆ. ಪೊರಕೆ ಹೋಗಲ್ಲ, ಬಟ್ಟೆ ಹೋಗಲ್ಲ. ಒರೆಸೋರು ಯಾರು ಅಂತ ಮೊದಲು ಕೇಳಿ, ಆಮೇಲೆ ಡಿಸೈನ್ ಮಾಡಿ. ಮತ್ತೆ 6 ಎಂಎಂನಿಂದ 28 ಎಂಎಂ ತನಕ ಅಗಲ ಬದಲಾದರೆ ನೆರಳೂ ಸೊಟ್ಟ ಕಾಣುತ್ತೆ.

ಅಳ್ನಾವರ_ಗರಗಸ
ಹಲ್ಲಿಗೆ ಉತ್ತರ ಇಲ್ಲ ನನ್ನ ಹತ್ತಿರ.

ಮಾಳಮಡ್ಡಿ_ಮನೆ
ಎಷ್ಟೊಂದು ವಿಷಯ ಬಂತು! ನಾನು ನಮ್ಮ ಬಡಿಗೇರರಿಗೆ ಕೈವಾರದ ಮಾತು ಹೇಳಿದೆ. "ಗೊತ್ತಿದೆ ರೀ, ಆದರೆ ಅದಕ್ಕೆ ಟೈಮ್ ಜಾಸ್ತಿ ಹೋಗುತ್ತೆ" ಅಂದರು. ಹೇಗೆ ಒಪ್ಪಿಸೋದು? ಇನ್ನೊಂದು ಪ್ರಶ್ನೆ. 60 ಎಂಎಂ ಪಟ್ಟಿಯಲ್ಲಿ ಒಂದು ಕಡೆ 24, ಇನ್ನೊಂದು ಕಡೆ 46 ಅಂದರೆ ಅರ್ಧಕ್ಕರ್ಧ ವ್ಯತ್ಯಾಸ. ಅದೂ ಕಣ್ಣಿಗೆ ಹೊಡೆಯಲ್ವಾ?

ರಂದಾ_ರಾಯ
ಎರಡನೇ ಪ್ರಶ್ನೆ ಒಳ್ಳೇದು. ಕಣ್ಣು ಮೊದಲು ನೋಡೋದು ಒಳಅಂಚನ್ನು, ಅದು ನೆಟ್ಟಗಿರುತ್ತೆ. ಆದರೂ 22 ಎಂಎಂ ವ್ಯತ್ಯಾಸ ಸಣ್ಣ ಪಟ್ಟಿಯಲ್ಲಿ ಕಾಣುತ್ತೆ ನಿಜ. ಪಟ್ಟಿ ಅಗಲ ಆದಷ್ಟೂ ಸೊಟ್ಟ ಕಡಿಮೆ ಕಾಣುತ್ತೆ. ಪೆಟ್ಟಿಗೆ ಇನ್ನೂ ಮಾಡಿಲ್ಲ ಅಂದಿದ್ದರೆ ಎರಡೂ ಕಡೆ 50 ಎಂಎಂ ಬಿಟ್ಟು ಮಾಡಿ ಅಂತಿದ್ದೆ.

ಈಗ ಏನು ಮಾಡಬಹುದು ಅಂದರೆ, ತಪ್ಪನ್ನು ಇಬ್ಬರಿಗೂ ಹಂಚಿ. ಸೊಂಟದ ಎತ್ತರದ ಆ ತಗ್ಗಿಗೆ ಮಾತ್ರ ಗೌಂಡಿ ಅಣ್ಣನ ಸುಣ್ಣದ ಗಾರೆ ಎರಡು ತೆಳ್ಳನೆ ಪದರ ಹಾಕಿಸಿ 10-12 ಎಂಎಂ ಎತ್ತಿಸಿ, ಅಂಚನ್ನು ತೆಳ್ಳಗೆ ಮಾಡಿ ಗೋಡೆಗೆ ಸೇರಿಸಿಬಿಡಿ. ಉಳಿದ ಸೊಟ್ಟವನ್ನು ಪಟ್ಟಿ ನುಂಗಲಿ. ಗೋಡೆ ನೆಟ್ಟಗೆ ಆಗೋದು ಬೇಕಾಗಿಲ್ಲ. ಗೆರೆ ನಿಧಾನಕ್ಕೆ ಬಾಗಿದರೆ ಸಾಕು.

ಗಿಲಾವು_ಗೌಂಡಿ
ನೋಡಿ, ಕೊನೆಗೆ ನನ್ನ ದಾರಿಗೇ ಬಂದಿರಿ.

ರಂದಾ_ರಾಯ
ಅರ್ಧ ದಾರಿಗೆ ಅಣ್ಣಾ, ಅರ್ಧ ದಾರಿಗೆ.

ಗಿಲಾವು_ಗೌಂಡಿ
ತುಂಬೋ ಮುಂಚೆ ಅಲ್ಲಿ ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ. ಡಬಡಬ ಅಂದರೆ ಹಳೇ ಗಿಲಾವು ಕಲ್ಲು ಬಿಟ್ಟಿದೆ ಅಂತ. ಅಷ್ಟನ್ನು ಕೆತ್ತಿ ತೆಗೆದು, ನೀರು ಹೊಡೆದು ಆಮೇಲೆ ಹಾಕಬೇಕು. ಬಿಟ್ಟ ಗಿಲಾವಿನ ಮೇಲೆ ಹೊಸದು ಹಾಕಿದರೆ ಎರಡೂ ಒಟ್ಟಿಗೆ ಬೀಳ್ತವೆ.

ಗೋಕುಲ್_ರೋಡ್_ಫ್ಲ್ಯಾಟು
ಮೊದಲ ಪ್ರಶ್ನೆಗೆ ನಾನು ಉತ್ತರ ಹೇಳ್ತೀನಿ, ಹಣ ಕೊಟ್ಟು ಕಲಿತದ್ದು. ಬಡಿಗೇರರಿಗೆ ಚದರಡಿ ಲೆಕ್ಕದಲ್ಲಿ ಕೊಟ್ಟಿದ್ದೀರಾ? ಹಾಗಿದ್ದರೆ ಅವರು ಪಟ್ಟಿಯ ಮೇಲೆ ಅರ್ಧ ದಿನ ಕೂರೋದಿಲ್ಲ. ಕೂತರೆ ಅವರಿಗೆ ನಷ್ಟ. ಚದರಡಿ ಲೆಕ್ಕದಲ್ಲಿ ಎರಡಿಂಚು ಪಟ್ಟಿಗೆ ಏನು ಬರುತ್ತೆ ಹೇಳಿ? ಆ ಎರಡು ಪಟ್ಟಿ ಕೆಲಸಕ್ಕೆ ಮಾತ್ರ ದಿನದ ಕೂಲಿ ಬೇರೆ ಕೊಡ್ತೀನಿ ಅಂತ ಹೇಳಿ. ಮಾರನೇ ದಿನವೇ ಕೈವಾರ ಹುಡುಕಿಕೊಂಡು ಬರ್ತಾರೆ.

ಅಳ್ನಾವರ_ಗರಗಸ
ನೂರಕ್ಕೆ ನೂರು ನಿಜ. ಕೈ ಬರಲ್ಲ ಅಂತಲ್ಲ, ರೇಟಿನಲ್ಲಿ ಕೂರಲ್ಲ. ನಾವು ಬಡಿಗೇರರೇ ಹೇಳ್ತಿದ್ದೀವಿ, ಕೇಳಿ.

ಬೆಟಗೇರಿ_ನೇಕಾರ
ನಮ್ಮಲ್ಲಿ ಸೀರೆ ಲೆಕ್ಕ, ನಿಮ್ಮಲ್ಲಿ ಚದರಡಿ ಲೆಕ್ಕ. ನಾಜೂಕು ಕೆಲಸಕ್ಕೆ ಎರಡೂ ಕಡೆ ಲೆಕ್ಕ ಇಲ್ಲ.

ಹಾವೇರಿ_ಹೈದ
ಕೊಯ್ಯೋದು ಹೇಗೆ ಅಂತ ಯಾರೂ ಹೇಳಲಿಲ್ಲವಲ್ಲ. ಗೆರೆ ಎಳೆಯೋದು ಸುಲಭ.

ರಂದಾ_ರಾಯ
ಹೇಳ್ತೀನಿ. ಗೆರೆ ಮೇಲೆ ಕೊಯ್ಯಬೇಡಿ. ಗೆರೆಯಿಂದ ಒಂದೆರಡು ಎಂಎಂ ಹೊರಗೆ, ಬಿಸಾಡುವ ಕಡೆ, ಜಿಗ್‌ಸಾ ಓಡಿಸಿ. ಅಡಿಯ ಪ್ಲೇಟನ್ನು ಐದರಿಂದ ಹತ್ತು ಡಿಗ್ರಿ ವಾಲಿಸಿ, ಪಟ್ಟಿಯ ಹಿಂಬದಿ ಜಾಸ್ತಿ ಹೋಗಬೇಕು, ಮುಂಬದಿ ಉಳಿಯಬೇಕು. ಹಿಂದೆ ಮರ ಇಲ್ಲದಿದ್ದರೆ ಗೋಡೆಗೆ ತಾಗೋದು ಮುಂದಿನ ಚೂಪು ಅಂಚು ಮಾತ್ರ. ಆಗ ರಂದಾದಲ್ಲಿ ಒಂದೆರಡು ಎಳೆ ತೆಗೆದರೂ ಕೂಡಲೇ ಫಲ ಕಾಣುತ್ತೆ. ವಾಲಿಸದೆ ನೇರ ಕೊಯ್ದರೆ ಹಿಂದೆ ಎಲ್ಲೋ ಒಂದು ಕಡೆ ತಾಗುತ್ತೆ, ಮುಂದೆ ಸಂದಿ ಕಾಣುತ್ತೆ, ಎಲ್ಲಿ ಅಂತ ಗೊತ್ತಾಗದೆ ತಲೆ ಕೆಡುತ್ತೆ.

ಕೊನೆಯ ಹಂತಕ್ಕೆ ಬಣ್ಣದ ಸೀಮೆಸುಣ್ಣ. ಗೋಡೆಯ ಆ ಗೆರೆಯುದ್ದಕ್ಕೂ ನೀಲಿ ಸೀಮೆಸುಣ್ಣ ತಿಕ್ಕಿ. ಪಟ್ಟಿ ಒತ್ತಿ, ಸ್ವಲ್ಪ ಮೇಲೆ ಕೆಳಗೆ ಆಡಿಸಿ ತೆಗೆಯಿರಿ. ಎಲ್ಲಿ ನೀಲಿ ಹತ್ತಿದೆಯೋ ಅಲ್ಲಿ ಮಾತ್ರ ಮರ ಜಾಸ್ತಿ ಇದೆ. ಅಲ್ಲಷ್ಟೇ ರಂದಾ ಆಡಿಸಿ, ಮತ್ತೆ ಒತ್ತಿ. ನೀಲಿ ಚುಕ್ಕೆ ಚುಕ್ಕೆಯಾಗಿ ಇದ್ದದ್ದು ಉದ್ದಕ್ಕೂ ಹರಡಿಕೊಂಡಾಗ ನಿಲ್ಲಿಸಿ. ಸಾಗವಾನಿ ರಂದಾಗೆ ಸಲೀಸು, ಆದರೆ ಅಲಗನ್ನು ಬೇಗ ಮೊಂಡು ಮಾಡುತ್ತೆ. ನಡುವೆ ಸಾಣೆ ಹಿಡೀತಾ ಇರಿ.

ಹಾವೇರಿ_ಹೈದ
ಇದನ್ನು ಬರೆದಿಟ್ಟುಕೊಂಡೆ. ಲ್ಯಾಮಿನೇಟ್ ಹಾಕಿದ ಹಲಗೆಗೂ ಇದೇನಾ?

ಅಳ್ನಾವರ_ಗರಗಸ
ಲ್ಯಾಮಿನೇಟ್ ಆದರೆ ಜಿಗ್‌ಸಾ ಬ್ಲೇಡ್ ನೋಡಿ ಹಾಕಿ. ಸಾಮಾನ್ಯ ಬ್ಲೇಡಿನ ಹಲ್ಲು ಮೇಲಕ್ಕೆ ಎಳೆಯುತ್ತೆ, ಮೇಲಿನ ಮುಖ ಚಕ್ಕೆ ಏಳುತ್ತೆ. ಹಲ್ಲು ಕೆಳಗೆ ಇರುವ ಬ್ಲೇಡ್ ಸಿಗುತ್ತೆ, ಅದನ್ನು ಹಾಕಿ. ಇಲ್ಲವಾದರೆ ಹಿಂಬದಿಯಿಂದ ಕೊಯ್ಯಿರಿ, ಆದರೆ ಗೆರೆ ತಿರುವುಮುರುವು ಆಗುತ್ತೆ, ಹುಷಾರು. ಅಂಚಿಗೆ ರಂದಾ ಬದಲು ಮರಳು ಕಾಗದ ಸುತ್ತಿದ ಕಟ್ಟಿಗೆ ತುಂಡು.

ಮಾಳಮಡ್ಡಿ_ಮನೆ
ನಡುವಿನ ಅಡ್ಡ ಹಲಗೆಗಳಿಗೆ ಚಿಂತೆ ಇಲ್ಲ, ಅವು ಪೆಟ್ಟಿಗೆಯೊಳಗೇ ಇವೆ. ಆದರೆ ಕಪಾಟಿನ ನೆತ್ತಿಯ ಮೇಲೆ ಗೋಡೆಯಿಂದ ಗೋಡೆಗೆ ಒಂದು ಹಲಗೆ ಬೇಕು ಅಂತ ಮಗಳ ಆಸೆ. ಎರಡು ಪಕ್ಕ, ಹಿಂದೆ, ಮೂರೂ ಕಡೆ ಗೋಡೆ. ಕೈವಾರ ಇಡೋಕೆ ಹಲಗೆ ಒಳಗೇ ಹೋಗಲ್ಲವಲ್ಲ?

ಸಾಧನಕೇರಿ_ಅಕ್ಕ
ರಟ್ಟು. ನಡುವೆ ಒಂದು ದೊಡ್ಡ ರಟ್ಟಿನ ತುಂಡು ಇಡಿ, ಗೋಡೆಗೆ ಎಲ್ಲೂ ತಾಗದ ಹಾಗೆ. ಸಣ್ಣ ಸಣ್ಣ ರಟ್ಟಿನ ಚೂರುಗಳನ್ನು ಒಂದೊಂದೇ ಗೋಡೆಗೆ ತಾಗಿಸಿ, ಇನ್ನೊಂದು ತುದಿಯನ್ನು ದೊಡ್ಡ ರಟ್ಟಿಗೆ ಟೇಪ್ ಮಾಡಿ. ಮೂಲೆಯಲ್ಲಿ ಒತ್ತೊತ್ತಾಗಿ, ನೆಟ್ಟಗಿರೋ ಕಡೆ ದೂರ ದೂರ. ಮುಗಿದ ಮೇಲೆ ಎತ್ತಿಕೊಂಡು ಬಂದು ಹಲಗೆ ಮೇಲೆ ಇಟ್ಟು ಸುತ್ತ ಗೆರೆ ಎಳೆಯಿರಿ. ಹಲಗೆ ಕೂರುವ ಎತ್ತರದಲ್ಲೇ ರಟ್ಟು ಹಿಡೀಬೇಕು. ನಾಲ್ಕು ಬೆರಳು ಕೆಳಗೆ ಹಿಡಿದರೆ ಅದು ಬೇರೆ ಗೋಡೆ.

ಉಣಕಲ್_ಕೆರೆ_ದಂಡೆ
ರಟ್ಟಿನ ಉಪಾಯಕ್ಕೆ ನನ್ನ ಓಟು. ಹಲಗೆ ಒಳಗೆ ಹಾಕುವಾಗ ಒಂದು ತುದಿ ಮೇಲೆತ್ತಿ ಓರೆಯಾಗಿ ಇಳಿಸಬೇಕು. ಆಗ ಓರೆ ಅಳತೆ ಜಾಸ್ತಿ ಆಗಿ ಗೋಡೆ ಗೀರುತ್ತೆ. ಎರಡು ತುಂಡು ಮಾಡಿ ನಡುವೆ ಕೂಡಿಸೋದು ಸುರಕ್ಷಿತ.

ನವನಗರ_ಎಂಜಿನಿಯರ್
ಕಪಾಟಿನ ಬೆನ್ನು ಮರೀಬೇಡಿ. ಹಿಂದಿನ ಪ್ಲೈ ಗೋಡೆಗೆ ತಾಗದ ಹಾಗೆ ಒಂದು 12 ಎಂಎಂ ಬಿಡಿ, ಮೇಲೆ ಕೆಳಗೆ ಗಾಳಿಗೆ ದಾರಿ ಕೊಡಿ. ಇಲ್ಲವಾದರೆ ಶ್ರಾವಣದ ಹೊತ್ತಿಗೆ ಪುಸ್ತಕದ ಬೆನ್ನಿಗೆ ಬೂಷ್ಟು ಬರುತ್ತೆ, ಗೆದ್ದಲು ಬಂದರೂ ಗೊತ್ತಾಗಲ್ಲ. ಪ್ಲೈ ಯಾವ ಗ್ರೇಡು ಅಂತ ನೋಡಿದ್ದೀರಾ? ಐಎಸ್ 710 ಅಂತ ಛಾಪು ಇದ್ದರೆ ಮರೈನ್ ಪ್ಲೈ, ತೇವ ತಡೆಯುತ್ತೆ. ಹಳೇ ಗೋಡೆಗೆ ಕನಿಷ್ಠ ಕೆಳಗಿನ ಪೀಠಕ್ಕಾದರೂ ಅದು ಇರಲಿ.

ನವಲಗುಂದ_ಎರೆಹೊಲ
ಪಟ್ಟಿಯಿಂದ ಮುಂದೆ ಎಲ್ಲಾ ಮುಚ್ಚಿ ಆಯ್ತಲ್ಲ, ಗಾಳಿ ಎಲ್ಲಿಂದ ಹೋಗುತ್ತೆ?

ನವನಗರ_ಎಂಜಿನಿಯರ್
ಪೀಠದ ಮುಂದಿನ ಹಲಗೆಯಲ್ಲಿ ಎರಡು ಜಾಲರಿ ತೂತು, ನೆತ್ತಿಯ ಹಲಗೆಯ ಹಿಂಬದಿಯಲ್ಲಿ ಒಂದು ಬೆರಳು ಸಂದಿ. ಮಗಳ ಹಲಗೆ ಹಿಂದಿನ ಗೋಡೆಗೆ ಪೂರ್ತಿ ಕೂಡೋದು ಬೇಡ. ಕೆಳಗೆ ನಿಂತವರಿಗೆ ಅದು ಕಾಣಲ್ಲ. ರಟ್ಟು ಎರಡು ಪಕ್ಕಕ್ಕೆ ಸಾಕು.

ಮಾಳಮಡ್ಡಿ_ಮನೆ
ಒಳ್ಳೇದಾಯ್ತು, ಕೆಲಸ ಕಡಿಮೆ ಆಯ್ತು. ಬಡಿಗೇರರ ಜೊತೆ ಮಾತಾಡಿದೆ. ಪಟ್ಟಿಗೆ ಕೂಲಿ ಬೇರೆ ಅಂದ ಕೂಡಲೇ ಮುಖ ಅರಳಿತು. "ಕೈವಾರ ಮನೆಯಲ್ಲಿದೆ, ಮಗನ ಪೆಟ್ಟಿಗೆಯಿಂದ ತರ್ತೀನಿ" ಅಂದರು. ಗೌಂಡಿಯವರೂ ಸುಣ್ಣ ನೆನೆಹಾಕೋಕೆ ಒಪ್ಪಿದ್ದಾರೆ. ಬಣ್ಣ ಯಾವಾಗ? ಪಟ್ಟಿ ಹೊಡೆಯೋ ಮುಂಚೆನಾ, ಆಮೇಲಾ?

ಖಾರಾ_ಮಂಡಕ್ಕಿ
ನಮ್ಮ ಅಡುಗೆಮನೆ ಕಟ್ಟೆಗೂ ಒಬ್ಬರು ಬಂದು ಹೀಗೆ ಮಾಡಿಕೊಡಿ. ಗ್ರಾನೈಟಿಗೂ ಗೋಡೆಗೂ ನಡುವೆ ಸಾಸಿವೆ ಬಿದ್ದು ಬಿದ್ದು ಹೊಲ ಆಗಿದೆ.

ಸಾಧನಕೇರಿ_ಅಕ್ಕ
ಸಂದಿ ಯಾರು ನೋಡ್ತಾರೆ ಅಂದವರು ನೀವೇ ಅಲ್ವಾ?

ಗಿಲಾವು_ಗೌಂಡಿ
@ಮಾಳಮಡ್ಡಿ_ಮನೆ ಸುಣ್ಣದ ಗಾರೆ ಪೂರ್ತಿ ಆರಲಿ, ಅವಸರ ಬೇಡ. ಆಮೇಲೆ ಗೋಡೆಗೆ ಬಣ್ಣ ಹಚ್ಚಿ, ಪಟ್ಟಿ ಕೂರುವ ಜಾಗಕ್ಕೂ ಸೇರಿಸಿ. ಅದೂ ಒಣಗಿದ ಮೇಲೆ ಕೈವಾರ.

ರಂದಾ_ರಾಯ
ಹೌದು, ಇದೇ ಸರಿ. ಪಟ್ಟಿಗೆ ಪಾಲಿಶ್ ಮಾತ್ರ ಕೆಳಗೆ ಬೆಂಚಿನ ಮೇಲೆ ಮಾಡಿ, ಕೊಯ್ದ ಅಂಚಿಗೂ ಹಿಂಬದಿಗೂ ಎಳೆಯಿರಿ. ಮಳೆಗಾಲದ ತೇವ ಬರಿಗಟ್ಟಿಗೆಯ ಅಂಚಿನಿಂದಲೇ ಒಳಗೆ ಹೋಗೋದು. ಆಮೇಲೆ ಸಣ್ಣ ತಲೆಯ ಮೊಳೆಯಲ್ಲಿ ಕಪಾಟಿಗೆ ಹೊಡೀರಿ, ಗೋಡೆಗೆ ಒಂದು ಮೊಳೆಯೂ ಬೇಡ. ಬಲಗಡೆ ಪಟ್ಟಿಗೆ ಕೈವಾರ ಹೊಸದಾಗಿ ಬಿಡಿಸಿಕೊಳ್ಳಿ. ಗೋಡೆ ಎಲ್ಲಿ ಹತ್ತಿರ ಬಂದಿದೆ ಅಂತ ನೋಡಿ, ಒಳಗೆ ಚಾಚಿದ್ದನ್ನು ಅಳೆದೇ ಬಿಡಿಸಿ. ಎಡಗಡೆಯ 36ನ್ನೇ ಇಟ್ಟುಕೊಂಡು ಓಡಬೇಡಿ.